ಪೆಪ್ಪಿ ಭಾಷಣ

ನಮ್ಮ ಸಹಕಾರ ಸಂಘದ ಅಧ್ಯಕ್ಷ ಗಂಗಾಧರಯ್ಯನವರು ಮೈಕು ಹಿಡಿದರೆ ಸಭೆಯೆಲ್ಲ ತೂಕಡಿಸುತ್ತಿತ್ತು. ವಾರ್ಷಿಕ ಸಭೆಯ ಹಿಂದಿನ ದಿನ ಅವರು ಗುಮಾಸ್ತನನ್ನು ಕರೆಸಿದರು.

“ಈ ಸಲ ನನ್ನ ಭಾಷಣ ಪೆಪ್ಪಿಯಾಗಿರಬೇಕು. ಹಳೇದರಲ್ಲಿ ಒಂದು ಮಾತೂ ಬಿಡಕೂಡದು. ಯಾರಾದರೂ ತೂಕಡಿಸಿದರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ.”

“ಪೆಪ್ಪಿ ಅಂದ್ರೇನು ಸಾರ್?”

“ಅಷ್ಟೂ ಗೊತ್ತಿಲ್ವೇನಯ್ಯ? ಪೆಪ್ಪರ್ ಅಂದ್ರೆ ಕರಿಮೆಣಸು. ಅದರಿಂದ ಹುಟ್ಟಿದ ಮಾತು. ಮೆಣಸು ಬಿದ್ದ ಹಾಗೆ ಚುರುಕಾಗಿರಬೇಕು ಅಂತ ಅರ್ಥ.”

“ಹಾಗೇ ಮಾಡ್ತೀನಿ ಸಾರ್,” ಎಂದ ಗುಮಾಸ್ತ.

ಭಾಷಣಕ್ಕೆ ಮುಂಚೆ ಗಂಟಲಿಗೆಂದು ಒಂದು ಲೋಟ ಕಷಾಯ ಕುಡಿಯುವುದು ಅಧ್ಯಕ್ಷರ ರೂಢಿ. ಮರುದಿನ ಗುಮಾಸ್ತ ತಾನೇ ಕಷಾಯ ಕಾಸಿದ. ಹಿಡಿ ಮೆಣಸು ಕುಟ್ಟಿ ಹಾಕಿದ. ಅಧ್ಯಕ್ಷರು ಗಟಗಟ ಕುಡಿದು ಮೈಕಿನ ಮುಂದೆ ನಿಂತರು. “ಬಂಧುಗಳೇ” ಎನ್ನುವಷ್ಟರಲ್ಲಿ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. “ಸಂಘ ನಿಮ್ಮದು, ನಮಸ್ಕಾರ” ಎಂದು ಕೈಮುಗಿದು ಕೂತುಬಿಟ್ಟರು.

ಅಧ್ಯಕ್ಷರಿಗೆ ಕಣ್ಣೀರೇ ಬಂತಲ್ಲ ಎಂದು ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಾರ ಹಾಕಿತು.

ಅಧ್ಯಕ್ಷರು ವೇದಿಕೆಯಿಂದ ಕೆಳಗಿಳಿದವರೇ ಗುಮಾಸ್ತನ ಮೇಲೆ ರೇಗಿದರು. “ಭಾಷಣಕ್ಕೆ ಮೆಣಸು ಹಾಕು ಅಂದ್ರೆ ನನ್ನ ಗಂಟಲಿಗೆ ಹಾಕ್ತೀಯೇನಯ್ಯ?”

“ಭಾಷಣ ಬರೋದು ಅಲ್ಲಿಂದಲೇ ಅಲ್ವಾ ಸಾರ್?”

ಅಧ್ಯಕ್ಷರು ಕೊರಳ ಹಾರ ಸರಿಮಾಡಿಕೊಂಡರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

“ಮುಂದಿನ ವರ್ಷವೂ ನೀನೇ ಕಾಸು. ಮೆಣಸು ಮಾತ್ರ ಸ್ವಲ್ಪ ಕಮ್ಮಿ ಇರಲಿ,” ಎಂದರು.