ಹಿಡಿಯಕ್ಕಿ ಗೌರಿ ಶೂಲ ತಪ್ಪಿಸಿದ ಕಥೆ

ದೀಪದ ಬತ್ತಿ ಮುಂದೆ ಮಾಡಿ, ಅಕ್ಷತೆ ಕೈಗೆ ತೆಗೆದುಕೊಂಡು, ಹರಟೆ ಬಿಟ್ಟು ಕೂತವರೆಲ್ಲ ಕೇಳಿರಿ.

ಹೊಳೆಯ ದಡದಲ್ಲಿ ಸಿರಿಗಟ್ಟೆಯೆಂಬ ಪಟ್ಟಣವಿತ್ತು. ಅಲ್ಲಿ ಪದುಮಾಜಮ್ಮನೆಂಬ ಸೆಟ್ಟಿತಿ ಇದ್ದಳು. ಗಂಡ ಎತ್ತುಗಳ ಮೇಲೆ ಸರಕು ಹೇರಿಕೊಂಡು ದೇಶಾಂತರ ಹೋದರೆ ಅಂಗಡಿಯನ್ನೆಲ್ಲ ತಾನೇ ನಡೆಸಿ, ಆಡಿದ ಮಾತಿಗೆ ತಪ್ಪದೆ, ಬಂದವರಿಗೆ ಇಲ್ಲವೆನ್ನದೆ, ಯಾರ ಹೊಸ್ತಿಲಲ್ಲೂ ಕೈಯೊಡ್ಡದೆ ಬಾಳುತ್ತಿದ್ದಳು. ಆ ಹೆಮ್ಮೆ ಅವಳಿಗೆ ಒಪ್ಪುತ್ತಲೂ ಇತ್ತು.

ಆ ಮನೆಯಲ್ಲಿ ವರುಷಕ್ಕೊಮ್ಮೆ ಹಿಡಿಯಕ್ಕಿ ಗೌರಿಯ ವ್ರತ. ವ್ರತ ಹಿಡಿದವಳು ತಾನೇ ಸೆರಗೊಡ್ಡಿ ಐದು ಮನೆಗಳಲ್ಲಿ ಒಂದೊಂದು ಹಿಡಿ ಅಕ್ಕಿ ಬೇಡಿ ತಂದು, ಅದರಲ್ಲೇ ಪಾಯಸ ಮಾಡಿ ದೇವಿಗೆ ಎಡೆಯಿಡತಕ್ಕದ್ದು. ಪದುಮಾಜಮ್ಮನೋ, "ಅಕ್ಕಿಯೆಂದರೆ ಅಕ್ಕಿ. ಊರ ಅಕ್ಕಿಗಿಂತ ನನ್ನ ಕಣಜದ್ದೇ ಸಣ್ಣ" ಎಂದು ಮನೆಯದ್ದನ್ನೇ ಐದು ಹಿಡಿ ತೆಗೆದು ಪಾಯಸ ಮಾಡಿದಳು.

ಹೀಗಿರಲು ಅವಳ ತಮ್ಮ ಬೊಮ್ಮಣ ಸುಂಕದ ಕಟ್ಟೆಯಲ್ಲಿ ಸುಂಕದ ಕೇತಣ್ಣನೊಡನೆ ಜಗಳಕ್ಕೆ ಬಿದ್ದು, ಸಿಟ್ಟು ನೆತ್ತಿಗೇರಿ, ಗೂಟ ಕಿತ್ತು ಬೀಸಲಾಗಿ ಕೇತಣ್ಣ ಅಲ್ಲೇ ಸತ್ತನು. ಹುಣ್ಣಿಮೆಯ ಮಾರನೆ ದಿನ ಬೊಮ್ಮಣನನ್ನು ಶೂಲಕ್ಕೇರಿಸಬೇಕೆಂದು ಅರಸನ ಅಪ್ಪಣೆಯಾಯಿತು. ಊರವರು ಸೆಟ್ಟಿತಿಯ ಮುಖ ನೋಡಿ, ಕೇತಣ್ಣನೇ ಲಂಚಕೋರ, ಅವನೇ ಕೆಣಕಿದನೆಂದು ಆಡತೊಡಗಿದರು. ಸುಳ್ಳೆಂದು ತಿಳಿದೂ ಅವಳು ಸುಮ್ಮನಿದ್ದಳು. ಪೀತಾಂಬರ, ಕಸ್ತೂರಿಗಳನ್ನು ಹರಿವಾಣದಲ್ಲಿಟ್ಟು ಅರಮನೆಗೆ ಕಳುಹಿಸಿದಳು. ಹರಿವಾಣ ಹೋದ ಹಾಗೆಯೇ ಹಿಂದಕ್ಕೆ ಬಂತು. "ಇದು ಸಂತೆಯಲ್ಲ. ಬೊಮ್ಮಣ ಬದುಕಬೇಕೆಂದು ಸಿರಿಗಟ್ಟೆಯೇ ಹೇಳಲಿ, ಸತ್ತವನ ಮನೆಯೂ ಸೇರಿ" ಎಂದು ಅರಸ ಹೇಳಿ ಕಳುಹಿಸಿದ್ದನು.

ಜಗಲಿಯಲ್ಲಿದ್ದ ಅತ್ತೆ ಕೂತಲ್ಲಿಂದಲೇ, "ಕೊಡೋ ಕೈ ಊರೆಲ್ಲ ಕಂಡಿದೆ ಸೊಸೆ. ಬೇಡೋ ಕೈ ಎಲ್ಲಿಟ್ಟಿದ್ದೀಯೆ? ಗೌರಿ ಕೇಳಿದ್ದೂ ಅದನ್ನೇ" ಎಂದಳು.

ಆಗ ಪದುಮಾಜಮ್ಮ ಮಿಂದು ಮಡಿಯುಟ್ಟು, ಸೆರಗೊಡ್ಡಿಕೊಂಡು ಬೀದಿಗಿಳಿದಳು. ಗಾಣಿಗರ ಮನೆಯಾಕೆ, "ಏನವ್ವಾ, ಸೆಟ್ಟರ ಕಣಜಕ್ಕೆ ಇಲಿ ಬಿತ್ತೇ?" ಎಂದು ನಕ್ಕಳು. "ಬಿತ್ತು ತಾಯಿ, ಹಾಕು" ಎಂದಳು. ಕುಂಬಾರರ ಮನೆ, ನೇಕಾರರ ಮನೆ, ಅಂಬಿಗರ ಮನೆ, ಹೀಗೆ ನಾಲ್ಕು ಹಿಡಿಯಾಯಿತು. ಐದನೆಯದು ಕೇತಣ್ಣನ ಮನೆ.

ಕೇತಣ್ಣನ ಹೆಂಡತಿ ಕಾಳವ್ವ ಬಾಗಿಲಿಗೆ ಅಡ್ಡ ನಿಂತು, "ನನ್ನ ಮನೆ ದೀಪ ಆರಿಸಿ ಅಕ್ಕಿಗೆ ಬಂದೆಯಾ?" ಎಂದಳು.

"ಬಂದೆ. ತಪ್ಪೆಲ್ಲ ನನ್ನ ತಮ್ಮನದು. ನಿನ್ನ ಗಂಡ ಯಾರ ಹತ್ತಿರವೂ ಕೈಚಾಚಿದವನಲ್ಲ. ಊರು ಸುಳ್ಳಾಡಿತು, ನಾನು ಕೇಳಿಯೂ ಸುಮ್ಮನಿದ್ದೆ. ಇಲ್ಲವೆಂದರೆ ಹೋಗುತ್ತೇನೆ."

ಬೀದಿಯೆಲ್ಲ ಕಿವಿಯಾಯಿತು. ಕಾಳವ್ವ, "ಇದೇ ಮಾತನ್ನು ಅರಸನ ಮುಂದೆ ಆಡುತ್ತೀಯಾ? ಆಡಿದರೆ ನಿನ್ನ ತಮ್ಮ ಉಳಿಯುತ್ತಾನೆಯೇ?" ಎಂದು ಕೇಳಿದಳು.

"ಉಳಿಯುವುದು ನನ್ನ ಕೈಲಿಲ್ಲ. ಆಡುವುದು ನನ್ನ ಕೈಲಿದೆ."

ಕಾಳವ್ವ ಒಳಗೆ ಹೋಗಿ ಹಿಡಿ ಅಕ್ಕಿ ತಂದು ಸೆರಗಿಗೆ ಸುರಿದು, "ಇದು ನಿನ್ನ ತಮ್ಮನ ಮೇಲಿನ ಕರುಣೆಗಲ್ಲ, ನನ್ನ ಗಂಡನ ಹೆಸರಿಗೆ" ಎಂದಳು.

ಹುಣ್ಣಿಮೆಯ ದಿನ ಪದುಮಾಜಮ್ಮ ಆ ಅಕ್ಕಿಯನ್ನು ಅರಸನ ಮುಂದಿಟ್ಟು, ಐದು ಮನೆಗಳ ಹೆಸರು ಹೇಳಿ, ಕೇತಣ್ಣ ನಿರ್ದೋಷಿ, ಬೊಮ್ಮಣ ಕೊಂದದ್ದು ನಿಜವೆಂದು ನುಡಿದಳು. ತಾನೇ ಶೂಲ ಮಸೆದು ಕೊಟ್ಟಳಲ್ಲಾ ಎಂದು ಸಭೆ ಬೆರಗಾಯಿತು. ಮತ್ತೇನು ವಾದವೆಂದು ಅರಸ ಕೇಳಿದನು.

"ವಾದವಿಲ್ಲ ದೊರೆಯೇ. ನ್ಯಾಯ ಆಗಿದೆ. ಪ್ರಾಣ ಬೇಡಲು ಬಂದಿದ್ದೇನೆ."

ಸೆರಗು ಒಡ್ಡಿದ್ದಳು, ತಲೆ ನೆಟ್ಟಗಿತ್ತು. "ಊರೂ ಹಿಡಿ ಹಾಕಿತು, ಸತ್ತವನ ಮನೆಯೂ ಹಾಕಿತು" ಎಂದು ಅರಸ ಶೂಲವನ್ನು ಕೀಳಿಸಿ, ಬೊಮ್ಮಣ ಬದುಕಿರುವ ತನಕ ಸಿರಿಗಟ್ಟೆಯ ಹೊಳೆ ದಾಟುವ ಕಡವಿನಲ್ಲಿ ಹರಿಗೋಲು ಹಾಕತಕ್ಕದ್ದೆಂದೂ, ಕೂತ ಪ್ರಯಾಣಿಕರಿಗೆಲ್ಲ ಕೇತಣ್ಣ ನಿರ್ದೋಷಿಯೆಂದು ತನ್ನ ಬಾಯಿಂದಲೇ ಹೇಳತಕ್ಕದ್ದೆಂದೂ ವಿಧಿಸಿದನು. ಆ ಅಕ್ಕಿಯನ್ನು ಮರಳಿ ಮನೆಗೆ ತಂದು ಪದುಮಾಜಮ್ಮ ಐದು ಹಿಡಿಯ ಪಾಯಸ ಮಾಡಿ ಗೌರಿಗೆ ಎಡೆಯಿಟ್ಟಳು. ಕಾಳವ್ವ ಊಟಕ್ಕೆ ಬರಲಿಲ್ಲ. ಬರಬೇಕೆಂದು ಯಾರೂ ಒತ್ತಾಯ ಮಾಡಲಿಲ್ಲ.

ಈ ಕಥೆ ಓದಿದವರಿಗೆ, ಕೇಳಿದವರಿಗೆ, ಹೂಂಗುಟ್ಟಿದವರಿಗೆ ತವರಿನ ಕುಡಿ ಉಳಿಯಲಿ. ಸತ್ತವರ ಹೆಸರು ಕೆಡದಿರಲಿ. ಬೇಡುವಾಗ ಸುಳ್ಳು ಬಾರದ ನಾಲಿಗೆಯನ್ನು ಗೌರಿ ಎಲ್ಲರಿಗೂ ಕೊಡಲಿ. ಅಕ್ಷತೆ ಹಾಕಿರಿ.