ಬಾಗಿಲಲ್ಲಿ ನಿಂತ ವೀರ

ಗ್ರೀಕರ ನಾಡು, ಕಡಲ ದಂಡೆಯ ಒಂದು ಸಣ್ಣ ಊರು. ಪರ್ಷಿಯಾದ ದಂಡು ನಾಳೆ ಬಂದು ಬೀಳುತ್ತದೆ ಎಂಬ ಸುದ್ದಿ ಬಂತು.

ಊರವರು ಸೇರಿ ಮಾತಾಡಿದರು. ಕಾದಿ ಸಾಯುವುದು ಬೇಡ, ಹಡಗು ಹತ್ತೋಣ, ಬೇರೆ ದಂಡೆ ಹುಡುಕೋಣ ಅಂದರು.

ಎಲ್ಲರೂ ಹತ್ತಿದರು. ಮೇಕೆಗಳೂ ಹತ್ತಿದವು. ಮೆಲಾಸ್ ಎಂಬ ಯುವಕ ಮಾತ್ರ ಗುರಾಣಿ, ಈಟಿ ಹಿಡಿದು ಗುಡ್ಡದ ಮೇಲಿನ ಊರಬಾಗಿಲಲ್ಲೇ ನಿಂತುಬಿಟ್ಟ.

ಅವನನ್ನು ಕರೆಯಲು ಅವನ ಗುರು ಫೈನಿಪ್ಪ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು.

"ಬಾರೋ, ಹಡಗು ಹೊರಡ್ತಿದೆ."

"ನಾನು ಬರಲ್ಲ, ಗುರುಗಳೇ. ವೀರನಾದವನು ಓಡಿಹೋಗಲ್ಲ. ಇಲ್ಲೇ ಸಾಯ್ತೀನಿ. ಮುಂದೆ ನನ್ನ ಮೇಲೆ ಹಾಡು ಕಟ್ತಾರೆ."

"ಯಾರು?"

"ನಮ್ಮೂರಿನ ಹಾಡುಗಾರರು."

"ಅವರು ಆಗಲೇ ಹಡಗಲ್ಲಿದ್ದಾರಪ್ಪ. ಒಬ್ಬನಂತೂ ವಾಂತಿ ಶುರು ಮಾಡ್ಕೊಂಡಿದ್ದಾನೆ. ಹಡಗಿನ್ನೂ ಹೊರಟೇ ಇಲ್ಲ!"

ಮೆಲಾಸ್‌ಗೆ ನಗು ಬಂತು. ನುಂಗಿಕೊಂಡ.

"ತಮಾಷೆ ಬೇಡಿ. ಊರನ್ನ ಯಾರಾದರೂ ಕಾಯಬೇಕಲ್ಲ?"

"ಕಾಯಲೇಬೇಕು," ಎಂದರು ಗುರುಗಳು.

ಬಗಲಲ್ಲಿದ್ದ ಮಡಕೆಯನ್ನು ಕೆಳಗಿಟ್ಟು ಮುಚ್ಚಳ ತೆಗೆದರು. ಒಳಗೆ ಬೂದಿ, ಬೂದಿಯ ನಡುವೆ ಕೆಂಡ. ಇಡೀ ಊರಿಗೆ ಸೇರಿದ ಒಲೆಯದು. ಹೊಸ ನೆಲಕ್ಕೆ ಹೋಗುವವರು ಹಳೆಯ ಊರಿನ ಬೆಂಕಿಯನ್ನು ಒಯ್ದು, ಅದರಿಂದಲೇ ಅಲ್ಲಿ ಒಲೆ ಹಚ್ಚುವುದು ಆ ಜನರ ಪದ್ಧತಿ.

ಗುರುಗಳು ಚಪ್ಪಲಿ ಬಿಚ್ಚಿ, ಗೋಡೆಗೆ ಒರಗಿ ಕೂತರು.

"ಇದೇನು ಕೂತ್ಬಿಟ್ರಿ?"

"ನಾನೂ ನಿನ್ನ ಜೊತೆ ಸಾಯ್ತೀನಿ. ಒಳ್ಳೇ ನೆರಳಿದೆ."

"ಮತ್ತೆ ಬೆಂಕಿ?"

"ಅದೂ ನಮ್ಮ ಜೊತೆಗೇ."

ಕೆಂಡ ಮಸುಕಾಗುತ್ತ ಬಂತು. ಮೆಲಾಸ್ ದಂಡು ಬರುವ ದಾರಿಯತ್ತ ನೋಡಿದ, ಮಡಕೆ ನೋಡಿದ. ಮತ್ತೆ ಮಡಕೆಯನ್ನೇ ನೋಡಿದ. ಗುರುಗಳು ಕಣ್ಣು ಮುಚ್ಚಿದ್ದರು.

"ಗುರುಗಳೇ, ಆರ್ತಿದೆ!"



ಅವನು ಮಂಡಿಯೂರಿ ಊದಲು ಹೋದ. ಕಂಚಿನ ಶಿರಸ್ತ್ರಾಣ ಮಡಕೆಗೆ ಟಣ್ಣೆಂದು ಬಡಿಯಿತು. ಕಿತ್ತು ಪಕ್ಕಕ್ಕೆಸೆದ. ಆಲಿವ್ ಮರದ ಒಣಕಡ್ಡಿ ಮುರಿದು ಹಾಕಿದ, ಊದಿದ, ಕೆಮ್ಮಿದ, ಮತ್ತೆ ಊದಿದ. ಕೆಂಡ ಕೆಂಪಾಯಿತು. ಅವನ ಮುಖವೆಲ್ಲ ಬೂದಿ.

ಕೆಳಗಿನಿಂದ ಜನ ಕೂಗುತ್ತಿದ್ದರು. ಮೆಲಾಸ್ ಮಡಕೆಯನ್ನು ಎದೆಗವಚಿಕೊಂಡು ಇಳಿಜಾರಿನಲ್ಲಿ ಓಡತೊಡಗಿದ. ಗುರುಗಳು ಚಪ್ಪಲಿ ಕೈಯಲ್ಲಿ ಹಿಡಿದು, ನಗುತ್ತ, ಹಿಂದೆ ಓಡಿದರು.

ಅರ್ಧ ದಾರಿಯಲ್ಲಿ ಅವನು ಗಕ್ಕನೆ ನಿಂತು ತಿರುಗಿದ.

"ಗುರುಗಳೇ, ನಾಡಿದ್ದು ನಡುಗಡಲಲ್ಲಿ ಇದಕ್ಕೆ ಸೌದೆ ಎಲ್ಲಿಂದ ತರೋದು?"

"ನಾಳೆಯೇ ಸಾಯೋ ವೀರನಿಗೆ ನಾಡಿದ್ದಿನ ಸೌದೆ ಯಾಕೋ?" ಎಂದರು ಗುರುಗಳು.