ಮೂರನೇ ಕೂಗಿಗೆ ಕಾದ ದುಂಡಪ್ಪ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂದರೆ, ಸೈಕಲ್ಲು ಬಂದಿತ್ತು, ಬಸ್ಸು ಇನ್ನೂ ಬಂದಿರಲಿಲ್ಲ. ಕೃಷ್ಣೆಯ ದಂಡೆಯ ಮೇಲೆ ಒಂದು ಊರು, ಆ ಊರಲ್ಲಿ ದುಂಡಪ್ಪ ಅಂತ ಒಬ್ಬನಿದ್ದ. ಅವನು ಸೈಕಲ್ ತುಳಿದರೆ, ಎದ್ದ ಧೂಳು ಕೂರುವುದರೊಳಗೆ ಮುಂದಿನ ಊರು ಮುಟ್ಟುತ್ತಿದ್ದ ಅಂತಾರೆ. ಒಮ್ಮೆ ದೇಸಾಯರ ಕುದುರೆಯನ್ನೇ ಸೋಲಿಸಿದ್ದ ಅಂತಾರೆ. ಕುದುರೆ ಸೋತಿದ್ದನ್ನು ಕಂಡವರು ಒಬ್ಬರೂ ಇಲ್ಲ, ಕೇಳಿದವರು ಮಾತ್ರ ಊರ ತುಂಬ ಇದ್ದಾರೆ. ಇರಲಿ. ಗೆದ್ದವನ ಕತೆ ಅಂತ ಮೀಸೆ ತಿರುವಿಕೊಂಡು ಕೂರಬೇಡಿ, ಇದು ಅಳುವ ಕತೆ.

ಆಗ ಬೇಸಿಗೆಗೊಮ್ಮೆ ಎರಡು ಹೊಳೆಯ ಶರ್ಯತ್ತು ನಡೆಯುತ್ತಿತ್ತಂತೆ. ಕೃಷ್ಣೆ ಅಕ್ಕ, ತುಂಗಭದ್ರೆ ತಂಗಿ. ತಂಗಿಯ ನೀರು ತಂದು ಅಕ್ಕನ ಉಡಿ ತುಂಬಿದರೆ ಅವಳು ಮಳೆಗಾಲದಲ್ಲಿ ಊರಿನ ಮೇಲೆ ಮುನಿಯುವುದಿಲ್ಲ ಅನ್ನುವ ನಂಬಿಕೆ. ಮೊದಲು ನಡೆದು ತರುತ್ತಿದ್ದರು, ಸೈಕಲ್ಲು ಬಂದ ಮೇಲೆ ಅದೇ ಪಂದ್ಯವಾಯಿತು. ದಂಡೆಯ ಊರೂರಿನವರು ಇಲ್ಲಿಂದ ಹೊರಟು ತಂಗಿಯ ದಂಡೆ ಮುಟ್ಟಬೇಕು. ಅಲ್ಲಿ ಪೂಜಾರಿ ತಂಬಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಅರಗು ಹಾಕುತ್ತಿದ್ದ. ಅದನ್ನು ಹೊತ್ತು ತಿರುಗಿ ಬರಬೇಕು. ಅರಗು ಒಡೆದ ತಂಬಿಗೆಯನ್ನು ಹೊಳೆ ಮುಟ್ಟಿಸಿಕೊಳ್ಳುವುದಿಲ್ಲ, ಆ ನೀರು ಕುಡಿದವನು ತಾಯಿಗೆ ಎರಡು ಬಗೆದವನು ಅನ್ನುತ್ತಿದ್ದರು. ಹೋಗಿ ಬರುವುದರಲ್ಲಿ ಎರಡು ಸಲ ಹೊತ್ತು ಹುಟ್ಟುತ್ತಿತ್ತು. ನಡುವೆ ಮಲಗಿದವನು ಸೋತ ಹಾಗೆಯೇ.

ದುಂಡಪ್ಪನಿಗೆ ಸೈಕಲ್ ಕಲಿಸಿದವನು ಮೌಲಾಸಾಬ. ಊರ ಅಗಸಿಬಾಗಿಲ ಹತ್ತಿರ ಪಂಕ್ಚರ್ ಹಾಕುತ್ತಿದ್ದ. ವರ್ಷ ವರ್ಷ ಶರ್ಯತ್ತಿಗೆ ಹೋಗಿ, ವರ್ಷ ವರ್ಷ ಸೋತು ಬಂದವನು. ಸೋತು ಸೋತು ಅವನಿಗೆ ದಾರಿ ಬಾಯಿಪಾಠವಾಗಿತ್ತು. ಒಮ್ಮೆಯಾದರೂ ನಮ್ಮೂರ ತಂಬಿಗೆ ಮೊದಲು ಹೊಳೆ ಮುಟ್ಟಬೇಕು, ಅದೊಂದೇ ಅವನ ಆಸೆ. ತಂದೆಯಿಲ್ಲದ ದುಂಡಪ್ಪನ ಕಾಲಿನ ಕಸುವು ಕಂಡು, ಇವನೇ ಅಂತ ಹಿಡಿದು ಕೂರಿಸಿ ಹೇಳಿಕೊಟ್ಟ.

"ಹಸಿಯೂಕಿಂತ ಮೊದಲ ತಿನ್ನು, ನೀರಡಿಸೂಕಿಂತ ಮೊದಲ ಕುಡಿ. ಏರು ಕಂಡಾಗ ತಲಿ ಎತ್ತಬ್ಯಾಡ, ಮುಂದಿನ ಗಾಲಿ ನೋಡು. ಮೊದಲನೇ ದಿನ ಓಡಾವ ಎರಡನೇ ದಿನ ತೆವಳ್ತಾನ. ಇನ್ನ ಒಂದು ಮಾತು, ಎರಡನೇ ಹಗಲಿಗೆ ನಿದ್ದಿ ಇಲ್ಲದ ಕಿವಿ ಸುಳ್ಳು ಹೇಳ್ತದ. ಸತ್ತವ್ರು ಕರೀತಾರ, ಗಿಡಾ ಮಾತಾಡ್ತಾವ. ಯಾರರ ಕರದ್ರ ಓ ಅನಬ್ಯಾಡ. ಮೂರು ಸಲ ಕರದ್ರ ಮನಶಾ, ಕಡಿಮಿ ಕರದ್ರ ಗಾಳಿ. ತಿಳೀತಿಲ್ಲೋ?"

ತಿಳೀತು ಕಾಕಾ ಅಂದ ದುಂಡಪ್ಪ. ದೆವ್ವ ಮೂರು ಸಲ ಕರೆಯುವುದಿಲ್ಲ ಅನ್ನುವುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು.

ಆ ವರ್ಷ ಇಬ್ಬರೂ ಹೊರಟರು. ಹೋಗುವ ದಾರಿಯುದ್ದಕ್ಕೂ ಮೌಲಾಸಾಬ ಮುಂದೆ ತುಳಿದು ಎದುರುಗಾಳಿ ತಾನು ತಿಂದನಂತೆ, ಹುಡುಗನ ಕಸುವು ಬರುವ ದಾರಿಗೆ ಉಳಿಯಲಿ ಅಂತ. ತಂಗಿಯ ದಂಡೆ ಮುಟ್ಟಿದರು, ತಂಬಿಗೆ ಕಟ್ಟಿಕೊಂಡರು, ಆ ಕ್ಷಣವೇ ತಿರುಗಿದರು. ಎರಡನೇ ಹಗಲು ಎರೆಹೊಲದ ಬಯಲಿಗೆ ಬಂದಾಗ ಮಟಮಟ ಮಧ್ಯಾಹ್ನ. ಬಾವಿಯಿಲ್ಲ, ನೆರಳಿಲ್ಲ, ಎರಡು ಊರಿನ ನಡುವೆ ಒಂದು ಜಾಲಿಗಿಡ. ಉಳಿದ ಊರಿನವರು ಬಾವಿಯಿದ್ದ ಸುತ್ತುದಾರಿ ಹಿಡಿದಿದ್ದರು. ದುಂಡಪ್ಪ ಮುಂದಾಗಿದ್ದ. ನೀ ನಡೀ, ನಾ ಬರ್ತೀನಿ ಅಂತ ಕಾಕಾನೇ ಕಳಿಸಿದ್ದ.

ಆ ಬಯಲಿನಲ್ಲಿ ದುಂಡಪ್ಪನಿಗೆ ಸತ್ತ ಅವ್ವ ರೊಟ್ಟಿ ತಿನ್ನಲು ಕರೆದಳಂತೆ. ಓ ಅನ್ನಲಿಲ್ಲ. ಎಂದೋ ಹೊಳೆ ಪಾಲಾದ ಗೆಳೆಯ ಈಜಲು ಕರೆದನಂತೆ. ಓ ಅನ್ನಲಿಲ್ಲ. ಕಾಕಾ ಹೇಳಿದ್ದೆಲ್ಲ ಖರೆ ಆಗುತ್ತಿದೆಯಲ್ಲ ಅಂತ ಹೆದರಿಕೆಯಲ್ಲೂ ನಗು ಬಂತು. ಆಮೇಲೆ ಹಿಂದಿನಿಂದ ಕಾಕಾನ ದನಿಯೇ ಕೇಳಿತು. "ದುಂಡ್ಯಾ." ಅವನು ತುಳಿಯುವುದನ್ನು ನಿಲ್ಲಿಸಿ ಕಿವಿಗೊಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ, "ದುಂಡ್ಯಾ." ಕಾಲು ನೆಲಕ್ಕೆ ಊರಿ ಮೂರನೇ ಕೂಗಿಗೆ ಕಾದ. ಬಹಳ ಹೊತ್ತು ಕಾದ ಅಂತಾರೆ. ತಿರುಗಿ ನೋಡಲಿಲ್ಲ, ನೋಡಿದರೆ ಗಾಳಿ ಹಿಡಿಯುತ್ತದೆ. ಮೂರನೇ ಕೂಗು ಬರಲಿಲ್ಲ. ಗಾಳಿಯೇ ಅಂದುಕೊಂಡು ಹೊರಟುಬಿಟ್ಟ. ಅವನ ನೀರಿನ ಸೋರೆಬುರುಡೆಯಲ್ಲಿ ಇನ್ನೂ ಅರ್ಧ ನೀರಿತ್ತು.

ಹೊತ್ತು ಇಳಿಯುವ ಮುಂಚೆ ಅವನ ತಂಬಿಗೆ ಎಲ್ಲರಿಗಿಂತ ಮೊದಲು ಹೊಳೆ ಮುಟ್ಟಿತು. ಹಲಗೆ ಬಾರಿಸಿದರು, ಗುಲಾಲು ಎರಚಿದರು, ಹೆಗಲ ಮೇಲೆ ಹೊತ್ತು ಕುಣಿದರು. ಗದ್ದಲದ ನಡುವೆ ಮೌಲಾಸಾಬನ ಹೆಂಡತಿ ಹುಸೇನಬಿ ದಾರಿ ಮಾಡಿಕೊಂಡು ಬಂದಳು. ನಿಮ್ಮ ಕಾಕಾ ಎಲ್ಲಿ ಅಂತ ಕೇಳಿದಳು. "ಹಿಂದ ಬರಾಕತ್ತಾನ ಕಾಕೂ" ಅಂದ. ಆ ಎರಡು ಕೂಗು ಮತ್ತೆ ಕೇಳಿದವಂತೆ ಅವನಿಗೆ. ಸತ್ತ ಅವ್ವನ ದನಿ ಕಿವಿಯೊಳಗೆ ಎದ್ದಿತ್ತು. ಕಾಕಾನ ದನಿ ಬೆನ್ನಿಗೆ ತಾಗಿತ್ತು. ಮೈಮೇಲಿನ ಗುಲಾಲಿನಲ್ಲೇ ಸೈಕಲ್ ಏರಿ ಬಂದ ದಾರಿಗೇ ಬಿದ್ದ.

ಜಾಲಿಗಿಡದ ಬುಡದಲ್ಲಿ ಮೌಲಾಸಾಬ ಸಿಕ್ಕ. ಸೈಕಲ್ಲಿನಿಂದ ಬಿದ್ದಿದ್ದ, ಕಾಲು ಮುರಿದಿತ್ತು, ಸೋರೆಬುರುಡೆ ಒಡೆದು ನೀರು ಎರೆಮಣ್ಣಿಗೆ ಹೋಗಿತ್ತು. ಉರಿಬಿಸಿಲಲ್ಲಿ ಬಾಯಾರಿ ಜೀವ ಬಿಟ್ಟಿದ್ದ. ತಂಬಿಗೆಯನ್ನು ಮಾತ್ರ ಎದೆಗೆ ಅವುಚಿಕೊಂಡಿದ್ದ. ಅದರ ತುಂಬ ನೀರಿತ್ತು. ಅರಗು ಒಡೆದಿರಲಿಲ್ಲ.

ದುಂಡಪ್ಪ ಹೆಣವನ್ನು ಕ್ಯಾರಿಯರ್ ಮೇಲೆ ಕೂರಿಸಿ, ತನ್ನ ರುಮಾಲಿನಿಂದ ಬೆನ್ನಿಗೆ ಕಟ್ಟಿಕೊಂಡು ತುಳಿದನಂತೆ. ದಾರಿಯುದ್ದಕ್ಕೂ "ಓ ಕಾಕಾ, ಓ ಕಾಕಾ" ಅನ್ನುತ್ತಿದ್ದನಂತೆ. ಹೊಲದಲ್ಲಿದ್ದವರು ಕೇಳಿದ್ದಾರೆ. ಇದನ್ನು ಮಾತ್ರ ಬಣ್ಣ ಕಟ್ಟಿ ಹೇಳಿದ್ದಲ್ಲ.

ಕರೆದಿದ್ದನೇನು ನಿನ್ನ ಅಂತ ಕೇಳಿದಳು ಹುಸೇನಬಿ. ಎರಡು ಸಲ ಕರೆದ, ಮೂರನೇ ಕೂಗಿಗೆ ಕಾದೆ, ಕಾಕಾನೇ ಹಾಗೆ ಕಲಿಸಿದ್ದ ಅಂದ ದುಂಡಪ್ಪ. ಅವಳು ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

"ಮೂರನೇದು ಕರಿಯಾಕ ಉಸುರರ ಬೇಕಲ್ಲೋ ನನ್ನಪ್ಪಾ" ಅಂದಳು, ಅಷ್ಟೇ.

ಆಮೇಲೆ ದುಂಡಪ್ಪ ಗೆಲ್ಲಲಿಕ್ಕೆ ತುಳಿಯಲಿಲ್ಲ. ಹುಸೇನಬಿ ಇರುವ ತನಕ ಅವಳ ಮನೆಯ ಕೊಡ ತುಂಬಿದ. ಪ್ರತಿ ಬೇಸಿಗೆಗೆ ಎಲ್ಲರಿಗಿಂತ ಹಿಂದಿನವನ ಹಿಂದೆ, ಸೈಕಲ್ಲಿಗೆ ನೀರಿನ ಬುರುಡೆಗಳನ್ನು ಕಟ್ಟಿಕೊಂಡು ಹೊರಡುತ್ತಿದ್ದ. ಬಿದ್ದವರನ್ನು ಎತ್ತುತ್ತಿದ್ದ, ಒಣಗಿದ ಬಾಯಿಗೆ ನೀರು ಬಿಡುತ್ತಿದ್ದ. ಎಷ್ಟು ಜನರನ್ನು ಉಳಿಸಿದ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವನಿಗೆ ಅದರಿಂದ ಸಮಾಧಾನ ಆಯಿತು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಯಾರೂ ಕರೆಯದಿದ್ದಾಗಲೂ ಉಣ್ಣುತ್ತ ಕೂತವನು ಓ ಅಂತ ಎದ್ದುಬಿಡುತ್ತಿದ್ದನಂತೆ. ಕೊನೆಗೊಂದು ಬೇಸಿಗೆ ಹಾಗೆ ಎದ್ದು ಹೋದವನು ಮರಳಲಿಲ್ಲ. ಸೈಕಲ್ಲು ಎರೆಹೊಲದಲ್ಲಿ ಸಿಕ್ಕಿತು, ಅವನು ಸಿಗಲಿಲ್ಲ.

ಈಗಲೂ ಶರ್ಯತ್ತು ನಡೆಯುತ್ತದೆ. ತಂಬಿಗೆಗೆ ಅರಗು ಹಾಕುವುದನ್ನು ಬಿಟ್ಟಿದ್ದಾರೆ. ಅರ್ಧ ತಂದರೂ, ಬರಿದು ತಂದರೂ ಯಾರೂ ಏನೂ ಕೇಳುವುದಿಲ್ಲ. ಅಕ್ಕ ಕೃಷ್ಣೆಯೂ ಅದಕ್ಕಾಗಿ ಮುನಿದು ಮೇಲೇರಿ ಬಂದಿಲ್ಲ. ಇನ್ನು ಆ ಊರಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹೊರಗಿನಿಂದ ಯಾರು ಕರೆದರೂ ಒಂದೇ ಕೂಗಿಗೆ ಓ ಅನ್ನುತ್ತಾರೆ, ನೀರಿನ ಚೆಂಬು ಹಿಡಿದೇ ಬಾಗಿಲು ತೆಗೆಯುತ್ತಾರೆ. ಹೊಸದಾಗಿ ಬಂದ ಸೊಸೆಯಂದಿರು ಹೆದರುತ್ತಾರೆ, ಅತ್ತೀ ದೆವ್ವ ಆಗಿದ್ದರೆ ಏನು ಗತಿ ಅಂತ ಕೇಳುತ್ತಾರೆ.

ಆಗಲೇಳು, ಅದಕ್ಕೂ ನೀರಡಿಕೆ ಆಗಿರತೈತಿ ಅನ್ನುತ್ತಾರೆ ಅತ್ತೆಯರು.